ಆಪಾ ಮಲಗಿಸಿ ಹೋದ ಕಂಪ್ಯೂಟರ್

ಮೆಹರ್ ಆಪಾ,

ಈ ಕಾಗದವನ್ನು ನಿಮ್ಮ ಕುರ್ಚಿಯಲ್ಲೇ ಕುಳಿತು ಬರೆಯುತ್ತಿದ್ದೇನೆ. ಬೈಯಬೇಡಿ. ಇಷ್ಟು ದಿನ ನನ್ನ ಹಳೆಯ ಸ್ಟೂಲೇ ನನಗೆ ಸಾಕಾಗಿತ್ತು. ನಿಮ್ಮ ಕುರ್ಚಿಯ ಮೇಲೆ ದಾರದ ಡಬ್ಬ ಇಟ್ಟು, ಬಂದವರು ಯಾರೂ ಕೂರದ ಹಾಗೆ ಕಾವಲು ಕಾದಿದ್ದೆ. ಈ ವಾರ ಡಬ್ಬ ಕೆಳಗಿಳಿಸಿದೆ. ಅದಕ್ಕೊಂದು ಕಾರಣವಿದೆ. ನಿಮಗೆ ಹೇಳದ ಹೊರತು ನನಗೆ ಊಟ ಸೇರುವುದಿಲ್ಲ, ಅದು ನಿಮಗೂ ಗೊತ್ತಲ್ಲ?

ನಾನು ಮೊದಲ ಸಲ ನ್ಯಾಮತಿಗೆ ಬಂದ ದಿನ ನೆನಪಿದೆಯೇ? ಹೊನ್ನಾಳಿಯಲ್ಲಿ ನಾನು ಪಾಠ ಹೇಳುತ್ತಿದ್ದ ಕಂಪ್ಯೂಟರ್ ತರಬೇತಿ ಕೇಂದ್ರ ಬಾಗಿಲು ಹಾಕಿತ್ತು. ನಿಮ್ಮ ಎಂಬ್ರಾಯ್ಡರಿ ಅಂಗಡಿಯಲ್ಲಿ ಕೆಲಸಕ್ಕೆ ಹೆಣ್ಣುಮಗಳು ಬೇಕು ಎಂದು ಯಾರೋ ಬಸ್ಸಿನಲ್ಲಿ ಹೇಳಿದರು, ಇಳಿದು ನೇರ ಬಂದೆ. ನೀವು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಸೂಜಿಗೆ ದಾರ ಪೋಣಿಸಾಕೆ ಬರ್ತೈತೇನು?" ಎಂದಿರಿ. "ಬರಲ್ಲ, ಆದ್ರೆ ಕಂಪ್ಯೂಟರ್ ಬರ್ತೈತೆ" ಎಂದೆ. "ಹಂಗಾದ್ರೆ ಕೂತ್ಕೋ. ದಾರ ನಾನು ಪೋಣಿಸ್ತೀನಿ" ಎಂದಿರಿ. ನನ್ನ ಇಂಟರ್‌ವ್ಯೂ ಅಷ್ಟೇ.

ಆ ಕಂಪ್ಯೂಟರನ್ನು ಮೊದಲು ನೋಡಿದಾಗ ನನಗೆ ನಗು ಬಂದಿತ್ತು. ಓಬಿರಾಯನ ಕಾಲದ ವಿಂಡೋಸು. ಆದರೆ ಎಂಬ್ರಾಯ್ಡರಿ ಮಿಷನ್ ಬಟ್ಟೆಯ ಮೇಲೆ ಹಾಕಬೇಕಾದ ಹೂವನ್ನು ಮೊದಲು ಹೊಲಿಗೆ ಹೊಲಿಗೆಯಾಗಿ ಪರದೆಯ ಮೇಲೆ ಬಿಡಿಸುತ್ತಿದ್ದಿರಲ್ಲ, ನೀವು 'ಪಂಚಿಂಗ್' ಎನ್ನುತ್ತಿದ್ದ ಆ ಕೆಲಸ, ಅದರ ಸಾಫ್ಟ್‌ವೇರ್ ನಡೆಯುತ್ತಿದ್ದದ್ದು ಅದರಲ್ಲೇ. ಅದಕ್ಕೆ ಇಂಟರ್ನೆಟ್ ಕೊಟ್ಟರೆ ವೈರಸ್ ಭಯ, ಕೊಡದಿದ್ದರೆ ಗಿರಾಕಿಗಳು ಕಳಿಸುವ ಫೋಟೋ ನೋಡುವುದು ಹೇಗೆ? ನಾನು ಡಿಸ್ಕನ್ನು ಎರಡು ಭಾಗ ಮಾಡಿ, ಒಂದರಲ್ಲಿ ನಿಮ್ಮ ವಿಂಡೋಸ್ ಉಳಿಸಿ, ಇನ್ನೊಂದರಲ್ಲಿ ನನಗೆಂದು ಲಿನಕ್ಸ್ ಹಾಕಿದೆ. ನೀವು ಗಾಬರಿಯಾಗಿ, "ಅಯ್ಯೋ, ಇರೋ ಒಂದು ಮನೆ ಪಾಲು ಮಾಡ್ತೀಯೇನೇ?" ಎಂದಿರಿ. "ಪಾಲಲ್ಲ ಆಪಾ, ಒಲೆ ಬೇರೆ ಅಷ್ಟೇ" ಎಂದೆ. ಅಂದಿನಿಂದ ಅದು ನಿಮ್ಮ ಒಲೆ, ಇದು ನನ್ನ ಒಲೆ. ಸ್ವಿಚ್ ಹಾಕಿದರೆ ಕಪ್ಪು ಪರದೆಯ ಮೇಲೆ ಎರಡು ಹೆಸರು ಬರುತ್ತಿದ್ದವು, ಬೇಕಾದ್ದನ್ನು ಆರಿಸಿಕೊಂಡರೆ ಆಯಿತು. ನೀವು ಇಂಗ್ಲಿಷ್ ಓದುತ್ತಿರಲಿಲ್ಲ. "ಕೆಳಗಿಂದು ನಂದು" ಎಂದು ನೆನಪಿಟ್ಟುಕೊಂಡಿದ್ದಿರಿ.

ಗಡಿಯಾರದ ಜಗಳ ಮರೆಯುವ ಹಾಗಿದೆಯೇ? ನನ್ನ ಒಲೆಯಲ್ಲಿ ಕೆಲಸ ಮಾಡಿ ನಿಮ್ಮದಕ್ಕೆ ಬಿಟ್ಟುಕೊಟ್ಟಾಗಲೆಲ್ಲ ನಿಮ್ಮ ಪರದೆಯ ಮೂಲೆಯ ಗಡಿಯಾರ ಐದೂವರೆ ಗಂಟೆ ಹಿಂದೆ ಹೋಗಿರುತ್ತಿತ್ತು. ಲಿನಕ್ಸು ಒಳಗಿನ ಗಡಿಯಾರವನ್ನು ಲಂಡನ್ ಕಡೆಯ ಸಮಯಕ್ಕೆ ಇಡುತ್ತದೆ, ವಿಂಡೋಸು ಅದನ್ನೇ ನಮ್ಮೂರ ಸಮಯ ಎಂದು ನಂಬುತ್ತದೆ. ಇದನ್ನು ನಾನು ನಿಮಗೆ ಎಷ್ಟು ಸಲ ಬಿಡಿಸಿ ಹೇಳಿಲ್ಲ! ನೀವು ಕೇಳಿಸಿಕೊಂಡರೆ ತಾನೆ? "ಮಧ್ಯಾಹ್ನದ ಊಟ ಆಗೈತೆ, ಇಲ್ಲಿ ನೋಡಿದ್ರೆ ಇನ್ನೂ ಬೆಳಗಿನ ತಿಂಡಿ ಹೊತ್ತು. ನಿನ್ನ ಒಲೆಯವರಿಗೆ ಟೈಮ್ ನೋಡಾಕೂ ಬರಲ್ಲ" ಎಂದು ಬಂದ ಗಿರಾಕಿಗಳ ಮುಂದೆಲ್ಲ ನನ್ನ ಮರ್ಯಾದೆ ಕಳೆಯುತ್ತಿದ್ದಿರಿ. ಸರಿ ಮಾಡುವುದು ದೊಡ್ಡ ಕೆಲಸವೇನಲ್ಲ. ಆದರೆ ಮಾಡಿಬಿಟ್ಟರೆ ನೀವು ಬೈಯುವುದಕ್ಕೆ ಬೇರೇನು ಹುಡುಕುತ್ತೀರೋ ಎಂದು...

ಇನ್ನೊಂದು ನಿಮ್ಮ ಹಟ. ಸಂಜೆ ನಾನು ಕಂಪ್ಯೂಟರ್ ಆರಿಸಲು ಹೋದರೆ ಕೈಗೆ ಹೊಡೆದು, "ಬಂದ್ ಮಾಡಬ್ಯಾಡ, ಮಲಗಿಸು. ನಾಳೆ ಬಂದು ಮತ್ತೆ ಎಲ್ಲಾ ತೆಗೆಯಾಕೆ ಯಾರಿಗೆ ಟೈಮೈತೆ?" ಎನ್ನುತ್ತಿದ್ದಿರಿ. ಮಲಗಿಸಿದರೆ ತೆರೆದಿದ್ದದ್ದೆಲ್ಲ ಹಾಗೇ ಡಿಸ್ಕಿನಲ್ಲಿ ಉಳಿಯುತ್ತದೆ, ಕರೆಂಟು ಹೋದರೂ ಹೋಗುವುದಿಲ್ಲ ಎಂದು ನಾನೇ ಕಲಿಸಿದ್ದೆ, ಅದನ್ನೇ ಹಿಡಿದುಕೊಂಡಿರಿ. ಕೆಲಸವನ್ನೂ ನೀವು ಪೂರ್ತಿ ಮುಗಿಸಿ ಏಳುತ್ತಿರಲಿಲ್ಲ. "ನಾಳೆಗೆ ಒಂದು ಹೊಲಿಗೆ ಬಿಟ್ಟಿರಬೇಕು. ಬೆಳಗ್ಗೆ ಬಂದ ಕೈಗೆ ಎಲ್ಲಿಂದ ಶುರು ಮಾಡಬೇಕಂತ ಗೊತ್ತಾಗಬೇಕು" ಎನ್ನುತ್ತಿದ್ದಿರಿ.

ಕೊನೆಯ ಸಂಜೆಯೂ ಹಾಗೇ ಎದ್ದಿರಿ. ಸೂರಗೊಂಡನಕೊಪ್ಪದ ಕಡೆಯ ತಾಂಡಾದ ಗಂಗಿಬಾಯಿಯ ಕೆಲಸ ಹಿಡಿದಿದ್ದಿರಿ. ಅವರ ಅತ್ತೆ ಕೈಯಲ್ಲೇ ಹಾಕಿದ್ದ ಲಂಬಾಣಿ ಕಸೂತಿಯ ಹಳೆಯ ಬಟ್ಟೆ ನೋಡಿಕೊಂಡು, ಮಗಳ ಮದುವೆಯ ಬ್ಲೌಸಿಗೆ ಅದೇ ಚಿತ್ತಾರ, ಅದೇ ಕನ್ನಡಿ. ಕುತ್ತಿಗೆ ಮತ್ತು ಬೆನ್ನು ಮುಗಿದಿತ್ತು, ತೋಳು ನಡೆಯುತ್ತಿತ್ತು. ಗಂಗಿಬಾಯಿಯ ಬಟ್ಟೆಯನ್ನು ಆ ಮಧ್ಯಾಹ್ನವೇ ಹಿಂದಿರುಗಿಸಿದ್ದಿರಿ, ಇನ್ನು ನೋಡುವ ಅಗತ್ಯವಿಲ್ಲ ಎಂದು. ಮಗ್ರಿಬ್ ಆಜಾನ್ ಕೇಳಿಸಿತು. "ಇನ್ನೊಂದು ಚೂರೈತೆ, ನಾಳೆ" ಎಂದು ಕಂಪ್ಯೂಟರ್ ಮಲಗಿಸಿ, ಬುರ್ಖಾ ಹಾಕಿಕೊಂಡು ಹೊರಟಿರಿ. ಆ ರಾತ್ರಿಯೇ ಎದೆನೋವು. ಬೆಳಗ್ಗೆ ರಹಮತ್ ಭಾಯಿ ಫೋನ್ ಮಾಡಿದಾಗ, ನಿಮ್ಮ ಯಜಮಾನರು ನನಗೆ ಯಾಕೆ ಫೋನ್ ಮಾಡುತ್ತಾರೆ ಎಂದು ಆಶ್ಚರ್ಯಪಟ್ಟುಕೊಂಡೇ ಎತ್ತಿದೆ ಆಪಾ.

ಅಂಗಡಿ ಕೆಲವು ವಾರ ಮುಚ್ಚಿತ್ತು. ಒಂದು ದಿನ ಭಾಯಿ ಬೀಗದ ಕೈ ತಂದು ನನ್ನ ಕೈಗಿಟ್ಟರು. "ಮಿಷನ್ ಮಾರಿದ್ರೆ ಅವಳು ನನ್ನ ಸುಮ್ನೆ ಬಿಡಲ್ಲಮ್ಮ. ನೀನೇ ನಡೆಸು" ಎಂದರು. ನಡೆಸಿದೆ. ಪೆನ್‌ಡ್ರೈವಿನಲ್ಲಿದ್ದ ನಿಮ್ಮ ಹಳೆಯ ನಾಲ್ಕಾರು ಡಿಸೈನುಗಳನ್ನೇ ತಿರುಗಾ ಮುರುಗಾ ಹೊಲಿದೆ. ನಿಮ್ಮ ಒಲೆ ಹೊತ್ತಿಸಲಿಲ್ಲ. ಇವತ್ತು ಬೇಡ, ನಾಳೆ ನೋಡೋಣ ಎಂದು ದಿನ ದೂಡಿದೆ. ಅದನ್ನು ತೆರೆದು, ನಿಮ್ಮ ಕೆಲಸ ಎದುರಿಗೆ ಬಂದು, ನೀವು ಮಾತ್ರ...

ಗಂಗಿಬಾಯಿ ಬಂದದ್ದು ಆಗ. ಬಾಗಿಲಲ್ಲೇ ನಿಂತು ನಿಮ್ಮ ಕುರ್ಚಿ ನೋಡಿ ಕಣ್ಣೊರೆಸಿಕೊಂಡರು. ಆಮೇಲೆ, "ಮುಂದಿನ ತಿಂಗಳು ಮದುವೆ ಐತೆ ತಂಗಿ. ಆಪಾ ಮಾತು ಕೊಟ್ಟಿದ್ರು. ನಾನು ಬೇರೆ ಕಡೆ ಕೊಡಲ್ಲ" ಎಂದರು. ಹಳೆಯ ಬಟ್ಟೆ ಇನ್ನೊಮ್ಮೆ ತರುತ್ತೀರಾ ಎಂದು ಕೇಳಿದೆ. "ಎಲ್ಲೈತೆ ತಂಗಿ? ತೊಳೆಯಾಕೆ ನೀರಾಗ ಅದ್ದಿದೆ, ಚಿಂದಿ ಚಿಂದಿ ಆತು. ಈಗ ಇರೋದು ಆಪಾ ಬರ್ಕೊಂಡಿದ್ದೇ" ಎಂದರು. ಅವರ ಅತ್ತೆಯ ಕೈಕೆಲಸ ಈಗ ಎಲ್ಲಿ ಉಳಿದಿದೆ ಹೇಳಿ? ನಿಮ್ಮ ಒಲೆಯಲ್ಲಿ ಮಾತ್ರ. ನಾಡಿದ್ದು ಬನ್ನಿ ಎಂದು ಧೈರ್ಯವಾಗಿ ಕಳಿಸಿ, ಸ್ವಿಚ್ ಹಾಕಿದೆ.

ಎರಡು ಹೆಸರಿನ ಪರದೆ ಬರಲೇ ಇಲ್ಲ. ಕಂಪ್ಯೂಟರ್ ಸೀದಾ ನನ್ನ ಒಲೆಗೇ ಹೋಯಿತು. ಆರಿಸಿ ಹಾಕಿದೆ, ಮತ್ತೆ ಅದೇ. ನಿಮ್ಮ ಭಾಗ ಡಿಸ್ಕಿನಲ್ಲಿದೆಯೋ ಇಲ್ಲವೋ ಎಂದು ನನ್ನ ಕಡೆಯಿಂದ ಇಣುಕಿದೆ. ಇತ್ತು. ತೆರೆಯಲು ಹೋದರೆ, ಆ ಸಿಸ್ಟಂ ಮಲಗಿದೆ, ಓದುವುದಕ್ಕೆ ಬೇಕಾದರೆ ತೆರೆಯುತ್ತೇನೆ, ಒಳಗೆ ಏನನ್ನೂ ಬರೆಯಲು ಬಿಡುವುದಿಲ್ಲ ಎಂಬ ಅರ್ಥದ ಎರಡು ಸಾಲು ಬಂತು. ನೀವು ಮಲಗಿಸಿ ಹೋದ ಮೇಲೆ ಅದನ್ನು ಯಾರೂ ಎಬ್ಬಿಸಿಯೇ ಇರಲಿಲ್ಲವಲ್ಲ!

ಓದುವುದಕ್ಕೆ ಬಿಟ್ಟಿತಲ್ಲ, ಮೊದಲು ನಿಮ್ಮ ಡಿಸೈನುಗಳನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿಕೊಂಡೆ. ಸೂಳೆಕೆರೆಯ ಅಲೆ ನೋಡಿ ಬಿಡಿಸಿದೆ ಎನ್ನುತ್ತಿದ್ದಿರಲ್ಲ, ಆ ಬಾರ್ಡರೂ ಸಿಕ್ಕಿತು. ಗಂಗಿಬಾಯಿಯ ಕುತ್ತಿಗೆ ಸಿಕ್ಕಿತು, ಬೆನ್ನು ಸಿಕ್ಕಿತು. ತೋಳು ಸಿಗಲಿಲ್ಲ. ಎಲ್ಲ ಕಡೆ ಹುಡುಕಿದೆ. ಸೇವ್ ಮಾಡಿ ಆಪಾ, ಸೇವ್ ಮಾಡಿ ಆಪಾ ಎಂದು ನಾನು ಬಾಯಿ ಬಡಿದುಕೊಂಡದ್ದು ನೀರಿನಲ್ಲಿ ಹೋಮವಾಗಿತ್ತು. ತೋಳು ತೆರೆದೇ ಇತ್ತು, ಆ ನಿದ್ದೆಯೊಳಗೇ ಇತ್ತು.

ನಾನೇ ಏನಾದರೂ ಕೆಡಿಸಿಬಿಟ್ಟೇನೆಂದು ಹೊನ್ನಾಳಿಯ ರಿಪೇರಿಯವನ ಹತ್ತಿರ ಒಯ್ದೆ. ಪಾಪ, ಒಳ್ಳೆಯ ಹುಡುಗ. ತಾಳ್ಮೆಯಿಂದ ನೋಡಿ, "ಅಕ್ಕ, ಆ ನಿದ್ದೆ ಅಳಿಸಿಬಿಟ್ರೆ ತಕ್ಷಣ ತೆರೀತೈತೆ. ಒಂದು ಸಾಲಿನ ಕೆಲಸ" ಎಂದ. "ಒಳಗೆ ತೆರೆದಿಟ್ಟಿರೋದು?" ಎಂದೆ. "ಸೇವ್ ಮಾಡಿರದಿದ್ರೆ ಹೋತು ಅಕ್ಕ. ಯಾರದ್ದು ಅದು ಕೆಲಸ? ಮತ್ತೆ ಮಾಡ್ಕೊಡಾಕೆ ಹೇಳ್ರಿ" ಎಂದ. ಮೆಲ್ಲಗೆ ವೈರ್ ಬಿಚ್ಚಿಕೊಂಡು, ಸಿಪಿಯು ಡಬ್ಬವನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ವಾಪಸ್ ಬಂದೆ. ಪಕ್ಕದ ಹೆಂಗಸು, ಒಳಗೆ ಏನೈತೆ, ಅಷ್ಟು ಗಟ್ಟಿ ತಬ್ಬಿಕೊಂಡೀಯಲ್ಲ ಎಂದು ಕೇಳಿದರು. ನನಗೆ ಅಳು ಬಂದುಬಿಟ್ಟಿತು. ನೀವು ಹೋದ ದಿನ ನಿಮ್ಮ ಮನೆಯಲ್ಲಿ ಅಷ್ಟು ಜನ ಹೆಂಗಸರ ನಡುವೆ ಕುಳಿತಾಗಲೂ ಬಾರದ ಅಳು, ಬಸ್ಸಿನಲ್ಲಿ ಬಂತು.

ಮರುದಿನ ತಲೆ ತಣ್ಣಗಾದ ಮೇಲೆ ಹೊಳೆಯಿತು. ನಿಮ್ಮ ಒಲೆಗೆ ಏನೂ ಆಗಿರಲಿಲ್ಲ. ಕೆಲವು ದಿನದ ಹಿಂದೆ ನಾನು ನನ್ನ ಲಿನಕ್ಸಿಗೆ ಹೊಸ ಆವೃತ್ತಿ ಹಾಕಿದ್ದೆ. ಅದರಲ್ಲಿ, ಸುರಕ್ಷತೆಗೆಂದು, ಪಕ್ಕದಲ್ಲಿ ಬೇರೆ ಸಿಸ್ಟಂ ಇದೆಯೇ ಎಂದು ಹುಡುಕುವುದನ್ನು ನಿಲ್ಲಿಸಿದ್ದರು. ಹುಡುಕದಿದ್ದ ಮೇಲೆ ಹೆಸರು ಎಲ್ಲಿಂದ ಬರಬೇಕು? ಮನೆ ಇದೆ, ಬಾಗಿಲ ಮೇಲಿನ ಬೋರ್ಡು ಬಿದ್ದುಹೋಗಿದೆ, ಅಷ್ಟೇ. ಸೆಟ್ಟಿಂಗಿನಲ್ಲಿ ಒಂದು ಸಾಲು ಬದಲಿಸಿ, ಪಕ್ಕದ ಸಿಸ್ಟಂ ಹುಡುಕು ಎಂದು ಹೇಳಿ, ಆ ಪಟ್ಟಿಯನ್ನು ಹೊಸದಾಗಿ ಕಟ್ಟಿಸಿದೆ. ಎಷ್ಟೋ ಮಕ್ಕಳಿಗೆ ಟೈಪಿಂಗ್ ಕಲಿಸಿದ ನಾನು ಅದೊಂದು ಸಾಲನ್ನು ತಪ್ಪು ಟೈಪ್ ಮಾಡಿ, ಅಳಿಸಿ, ಮತ್ತೆ ಮಾಡಿದೆ. ಮತ್ತೆ ಸ್ವಿಚ್ ಹಾಕಿದೆ. ಎರಡು ಹೆಸರು ಬಂದವು ಆಪಾ. ಕೆಳಗಿನದು ನಿಮ್ಮದು.

ಅಷ್ಟು ಹೊತ್ತಿಗೆ ರಹಮತ್ ಭಾಯಿ ಚಹಾದ ಫ್ಲಾಸ್ಕ್ ಹಿಡಿದು ಬಂದರು. ಇದು ಏಳಬಹುದು, ಅರ್ಧಕ್ಕೆ ಎಡವಿದರೆ ತೋಳು ಹೋದ ಹಾಗೇ ಎಂದು ಅವರಿಗೆ ವಿವರಿಸಿದೆ. ಅವರು ಫ್ಲಾಸ್ಕ್ ಕೆಳಗಿಟ್ಟು, ತುಟಿಯಲ್ಲೇ ಏನೋ ಓದಿಕೊಂಡು, "ಒತ್ತಮ್ಮ" ಎಂದರು. ಒತ್ತಿದೆ. ಕಪ್ಪು ಪರದೆ, ಕೆಳಗೊಂದು ಗೆರೆ, ನಿಧಾನವಾಗಿ ತುಂಬಿಕೊಳ್ಳುತ್ತಾ ಹೋಯಿತು. ಒಂದು ಕಡೆ ನಿಂತೇಬಿಟ್ಟಿತು. ನಾನು ಕಣ್ಣು ಮುಚ್ಚಿಕೊಂಡೆ. ಭಾಯಿ ನಕ್ಕ ಸದ್ದು ಕೇಳಿ ಕಣ್ಣು ಬಿಟ್ಟರೆ, ಪರದೆಯ ತುಂಬ ಇಸ್ಪೀಟ್ ಎಲೆಗಳು!

ಪಂಚಿಂಗ್ ಮಾಡುವಾಗ ಮಾತನಾಡಿಸಬೇಡ, ಲೆಕ್ಕ ತಪ್ಪುತ್ತದೆ ಎನ್ನುತ್ತಿದ್ದಿರಲ್ಲ ಆಪಾ? ನಾನು ಫೋನ್ ಮುಟ್ಟಿದರೆ ಉರಿದು ಬೀಳುತ್ತಿದ್ದಿರಲ್ಲ? ಅದು ಈ ಲೆಕ್ಕವೇ? ಅರ್ಧ ಆಡಿಟ್ಟ ಆಟ, ಕೆಂಪು ಏಳನ್ನು ಕಪ್ಪು ಎಂಟರ ಮೇಲೆ ಇಡುವುದು ಎದ್ದು ಕಾಣುತ್ತಿತ್ತು. "ಮನೆಗೆ ಬಂದು ಕಣ್ಣು ನೋವು, ಕಣ್ಣು ನೋವು ಅಂತಿದ್ಲು. ನಾನು ಪಾಪ ಅಂತ ಅಡಿಗೆ ಮಾಡಾಕೆ ಹೋಗ್ತಿದ್ದೆ!" ಎಂದು ಭಾಯಿ ನಕ್ಕರು, ನಗುನಗುತ್ತಲೇ ಟೋಪಿ ತೆಗೆದು ಮುಖ ಒರೆಸಿಕೊಂಡರು. ಮೂಲೆಯ ಗಡಿಯಾರ ಒಂದು ಕ್ಷಣ ನೀವು ಎದ್ದುಹೋದ ಸಂಜೆಯನ್ನೇ ತೋರಿಸಿ, ಆಮೇಲೆ ಇಂದಿಗೆ ಹಾರಿತು. ಐದೂವರೆ ಗಂಟೆ ಹಿಂದೆಯೇ. ಬೈಯುವವರು ಯಾರೂ ಇರಲಿಲ್ಲ.

ಆಟದ ಹಿಂದೆ ತೋಳು ಇತ್ತು. ಮೊದಲು ಸೇವ್ ಮಾಡಿದೆ, ಆಮೇಲೆ ಉಸಿರು ಬಿಟ್ಟೆ. ಎಲ್ಲ ಮುಗಿದಿತ್ತು, ತುದಿಯ ಒಂದು ಕನ್ನಡಿಯ ಸುತ್ತಿನ ಹೊಲಿಗೆ ಬಿಟ್ಟು. ನಾಳೆಗೆಂದು ಬಿಟ್ಟಿದ್ದು. ಅದನ್ನು ನಾನು ಹಾಕಬೇಕಾಯಿತು. ಪಕ್ಕದ ನಿಮ್ಮ ಕನ್ನಡಿ ನೋಡಿ ಹಾಕಿದೆ, ಅಳಿಸಿದೆ, ಹಾಕಿದೆ. ಅದನ್ನೇ ಕಾಪಿ ಮಾಡಿ ಅಂಟಿಸಬಹುದಿತ್ತಲ್ಲ ಎನ್ನುತ್ತೀರಾ? ಗೊತ್ತು. ಮನಸ್ಸು ಬರಲಿಲ್ಲ. ಮಿಷನ್ ಪ್ರತಿ ಕನ್ನಡಿಯ ಹತ್ತಿರ ನಿಂತಾಗಲೂ ನಾನು ಕನ್ನಡಿ ಇಟ್ಟೆ, ಅದು ಸುತ್ತ ಹೊಲಿದುಕೊಂಡು ಹೋಯಿತು. ಕೆಲಸ ಮುಗಿದ ಮೇಲೆ ನಿಮ್ಮ ಒಲೆಯನ್ನು ಬಂದ್ ಮಾಡಲಿಲ್ಲ, ಮಲಗಿಸಿದೆ. ಆಟ ಹಾಗೇ ಇದೆ. ಆ ಕೆಂಪು ಏಳನ್ನು ನಾನು ಮುಟ್ಟುವುದಿಲ್ಲ, ಆಣೆಗೂ.

ಈಗ ನೀವು ಕೇಳಬೇಕಾದ ಸುದ್ದಿ. ಮೊನ್ನೆ ಗಂಗಿಬಾಯಿ ಬಂದರು. ಬ್ಲೌಸನ್ನು ಬೆಳಕಿಗೆ ಹಿಡಿದರು, ಕಣ್ಣು ಸಾಲದೆಂದು ಬೆರಳಿನಿಂದ ನೋಡಿದರು. ಕುತ್ತಿಗೆ, ಬೆನ್ನು, ತೋಳು. "ನಮ್ಮತ್ತೆದೇ ಕೈ" ಎಂದರು. ಬೆರಳು ತೋಳಿನ ತುದಿಗೆ ಬಂದು ನಿಂತಿತು. ಹಿಂದೆ ಹೋಯಿತು, ಮತ್ತೆ ಅಲ್ಲೇ ಬಂದು ನಿಂತಿತು.

"ತಂಗಿ, ಈ ಒಂದು ಕನ್ನಡಿ ಯಾರು ಹಾಕಿದ್ದು?"

"ನಾನು" ಎಂದೆ.

ಅವರು ಅದನ್ನೇ ಇನ್ನೊಂದು ಸಲ ಸವರಿ, ಬ್ಲೌಸ್ ಮಡಿಚಿ ಎದೆಗೆ ಒತ್ತಿಕೊಂಡರು. "ಇರ್ಲಿ ಬಿಡು. ಮನೆಗೆ ಹೊಸದಾಗಿ ಬಂದ ಸೊಸೆ ಹಾಕಿದಂಗೈತೆ" ಎಂದರು. ಆಮೇಲೆ ದಾರದ ಡಬ್ಬ ಇದ್ದ ಕುರ್ಚಿ ನೋಡಿ, "ಸ್ಟೂಲ್ ಮ್ಯಾಲೆ ಕೂತು ಎಷ್ಟು ದಿನ ಹಾಕ್ತೀಯ, ಅಲ್ಲಿ ಕೂತು ಹಾಕು" ಎಂದರು.

ಅದಕ್ಕೇ ಡಬ್ಬ ಕೆಳಗಿಳಿಸಿದೆ ಆಪಾ.

ನಿಮ್ಮ ಪಕ್ಕದ ಒಲೆಯ
ಸುಮಾ