ಬಲಗೈ ಕೂರಿಸದ ಕೊಂಡಿ

೧೪ ಆಗಸ್ಟ್ ೨೦೧೧, ರವಿವಾರ. ಉಗಾರ ಖುರ್ದ

ಇವತ್ತೂ ಆಗಲಿಲ್ಲ. ನಾನು ಜೋಡಿಸುತ್ತಿರುವ ಆಟಿಕೆ ರಿಮೋಟ್ ಹೆಲಿಕಾಪ್ಟರಿನ ರೆಕ್ಕೆ ವಾಲಿಸುವ ಕಡ್ಡಿಯ ತುದಿಗೆ ಪ್ಲಾಸ್ಟಿಕ್ ಕೊಂಡಿ ಇದೆ. ಅದನ್ನು ಜೋಳದ ಕಾಳಿನಷ್ಟು ಸಣ್ಣ ಉಕ್ಕಿನ ಗುಂಡಿನ ಮೇಲೆ ಒತ್ತಿ ಕೂರಿಸಬೇಕು. ಲಕ್ವ ಹೊಡೆದ ನನ್ನ ಬಲಗೈ ಹನ್ನೊಂದು ಸಲ ಜಾರಿತು.

“ಕೊಡ್ರಿ ಇಲ್ಲೆ, ನಾ ನೋಡತೀನಿ,” ಎಂದು ಹೆಂಡತಿ ಪೂನಮ ಇಕ್ಕಳ ತೆಗೆದುಕೊಂಡು ಒಂದೇ ಸಲಕ್ಕೆ ಕೂರಿಸಿದಳು. ಬಿಗಿ ಹೆಚ್ಚಾಗಿ ಕಡ್ಡಿ ಅಲುಗಲಿಲ್ಲ. ಕೊಂಡಿಯನ್ನು ಇಕ್ಕಳದಿಂದ ಮೆಲ್ಲಗೆ ಅದುಮಿದರೆ ಒಳಗಿನ ತೂತು ಹಿಗ್ಗಿ ಸಡಿಲಾಗುತ್ತದೆ ಎಂದೆ. ಅದುಮಿದಳು. ಕಡ್ಡಿ ಸಲೀಸಾಗಿ ಆಡಿತು.

“ಭಾಳ ಸರಳ ಐತಲ್ರಿ ಇದು!” ಎಂದು ನಕ್ಕವಳು ನನ್ನ ಮುಖ ನೋಡಿ ಇಕ್ಕಳವನ್ನು ನನ್ನ ಮುಂದೆ ಇಟ್ಟಳು.

ಇಪ್ಪತ್ತೆರಡು ವರ್ಷ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದೆ. ಈ ಕಿಟ್ ಜೋಡಿಸಿ ಮುಗಿಸಿದರೆ ಕೈ ತಿರುಗಿ ಬಂದಂತೆ ಅಂದುಕೊಂಡಿದ್ದೆ. ನಾಳೆ ಸ್ವಾತಂತ್ರ್ಯ ದಿನದ ರಜೆ; ನಾಡಿದ್ದು ಕಾರ್ಖಾನೆಯ ಸಾಹೇಬರ ಮುಂದೆ ನಿಂತು, ನನಗೆ ಗೇಟು ಕಾಯುವ ಕೆಲಸವೇ ಕೊಡಿ ಎನ್ನಬೇಕು. ಪೂನಮಳಿಗೆ ಇನ್ನೂ ಹೇಳಿಲ್ಲ. ಹೇಗೆ ಹೇಳುವುದು ಎಂದು ತಿಳಿಯುತ್ತಿಲ್ಲ.