ಅಕ್ಕನ ಫೈಲಿನ ಬೀಗ

ಪ್ರೀತಿಯ ಅಕ್ಕ,

ಎದುರಿಗೆ ನಿಂತು ಹೇಳಲು ಮುಖವಿಲ್ಲದೆ ಬರೆಯುತ್ತಿದ್ದೇನೆ. ನಿನ್ನ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಿದ್ದ ಆ ಅಮ್ಮನನ್ನು ದಯವಿಟ್ಟು ಕೆಲಸಕ್ಕೆ ವಾಪಸ್ ಕರೆ. ನಿನ್ನ ಫ್ರಾಕ್ ಪ್ಯಾಟರ್ನ್‌ಗಳನ್ನು ಇಂಟರ್‌ನೆಟ್‌ಗೆ ಹಾಕಿದ್ದು ಅವರಲ್ಲ, ನಾನು.

ಹೊಲಿಗೆ ಕಲಿಯುವವರಿಗೆ ಮಾರಲೆಂದು ಆರು ವರ್ಷ ಕೂತು ಬರೆದ ಆ ಬಟ್ಟೆ ಕತ್ತರಿಸುವ ನಕ್ಷೆಗಳ ಫೈಲಿಗೆ ಡಿಜಿಟಲ್ ಬೀಗ ಹಾಕಿಸಿ, ಅದು ಭದ್ರವಾಗಿದೆಯೇ ನೋಡು ಎಂದು ನನ್ನ ಕೈಗೆ ಕೊಟ್ಟೆ. ನಾನೋ, ಡಿಜಿಟಲ್ ಬೀಗವೆಲ್ಲ ಗ್ರಾಹಕರಿಗೆ ಮಾಡುವ ಮೋಸ, ನಾವು ಕೊಂಡ ಕಂಪ್ಯೂಟರ್ ನಮ್ಮ ಮಾತು ಕೇಳಬೇಕೇ ಹೊರತು ಕಂಪನಿಯ ಮಾತನ್ನಲ್ಲ ಎಂದು ಸಿಕ್ಕಸಿಕ್ಕಲ್ಲಿ ಭಾಷಣ ಬಿಗಿಯುವವನು. ಹತ್ತೇ ನಿಮಿಷದಲ್ಲಿ ಬೀಗ ಒಡೆದೆ. ಬೆನ್ನು ತಟ್ಟಿಸಿಕೊಳ್ಳುವ ಆಸೆಗೆ ಫೈಲನ್ನು ಗೆಳೆಯರ ಗುಂಪಿಗೂ ಹಾಕಿದೆ. ಅಲ್ಲಿಂದ ಅದು ಎಲ್ಲೆಲ್ಲಿಗೋ ಹೋಯಿತು.

ಫೈಲು ಹೊರಬಿದ್ದದ್ದು ನಿನಗೆ ತಿಳಿದ ಮೇಲೆ, ಭಾನುವಾರ ನೀನು ಕಾಫಿ ತಂದಿಟ್ಟು, "ಕಳ್ಳ ಯಾರು ಅಂತ ನೀನೇ ಹುಡುಕ್ಬೇಕು ಕಣೋ" ಎಂದೆ. ನಾನು ಎರಡು ಗಂಟೆ ಹುಡುಕುವ ನಾಟಕವಾಡಿ, ಹೊರಗಿನವರ ಸುಳಿವೇನೂ ಸಿಗಲಿಲ್ಲ ಎಂದೆ. "ಹಾಗಾದ್ರೆ ಗುಂಡಿ ಹೊಲಿಯೋ ಅಮ್ಮನೇ ಇರ್ಬೇಕು. ಅಂಗಡೀಲಿ ಆ ಫೈಲಿಂದ ಪ್ರಿಂಟ್ ತೆಗೆಯೋದು ಅವರೊಬ್ರೇ ಅಲ್ವಾ?" ಎಂದು ನೀನು ಕೇಳಿದಾಗಲೂ ಬಾಯಿ ಬಿಡಲಿಲ್ಲ.

ಕೊಂಡ ವಸ್ತು ಕೊಂಡವರದೇ ಎಂದು ಈಗಲೂ ನಂಬುತ್ತೇನೆ. ಆದರೆ ಅಕ್ಕಾ, ನಿನ್ನ ಫೈಲನ್ನು ನಾನು ಕೊಂಡಿರಲಿಲ್ಲ. ಗುಂಪಿನಲ್ಲಿ ತಪ್ಪೊಪ್ಪಿಕೊಂಡು ಫೈಲು ತೆಗೆದಿದ್ದೇನೆ. ಹೊರಗೆ ಹೋದದ್ದನ್ನು ಮಾತ್ರ ವಾಪಸ್ ತರಲಾರೆ.

ಈ ಬೆಳಿಗ್ಗೆ ಆ ಅಮ್ಮನ ಮನೆಗೂ ಹೋಗಿ ನಿಜ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. "ಅಕ್ಕಂಗೆ ಹೇಳಿದ್ರಾ?" ಎಂದರು. ಇಲ್ಲವೆಂದೆ. "ಮೊದ್ಲು ಅವರಿಗೆ ಹೇಳಿ. ಯಾರನ್ನ ನಂಬೋದು ಅಂತ ಗೊತ್ತಾಗ್ದೆ ಪಾಪ, ಎಷ್ಟು ಒದ್ದಾಡ್ತಿದಾರೋ" ಎಂದರು.

ತಲೆ ತಗ್ಗಿಸಿ,
ನಿನ್ನ ತಮ್ಮ