ಬಾಗಿನದ ಮೊರದಲ್ಲಿ ಬಂದ ಕಾಗದ

ಹನೂರು,
ಮಂಗಳವಾರ, ೧೬-೯-೨೦೨೫

ಚಿ. ಉದಯನಿಗೆ ಅಕ್ಕ ಪುಷ್ಪಳ ಆಶೀರ್ವಾದ.

‘ಇತ್ತ ಎಲ್ಲರೂ ಕ್ಷೇಮ’ ಎಂಬ ಸಾಲನ್ನು ಬೇಕೆಂದೇ ಬಿಟ್ಟಿದ್ದೇನೆ. ಗೌರಿ ಹಬ್ಬಕ್ಕೆ ನೀನು ಕಳಿಸಿದ ಬಾಗಿನ ಕೈಸೇರಿ ಇವತ್ತಿಗೆ ಮೂರು ವಾರವಾಯಿತು. ಉತ್ತರ ತಡವಾಯಿತು, ಕ್ಷಮಿಸು. ತಡಮಾಡುವುದು ನಮ್ಮ ರಕ್ತದಲ್ಲೇ ಇರಬೇಕು. ಒಂದು ಸಂಪಿನ ಮುಚ್ಚಳ ಸರಿಮಾಡಿಸಲು ನೀನು ಹನ್ನೊಂದು ತಿಂಗಳು ತೆಗೆದುಕೊಂಡೆ, ಆದರೂ ಮಾಡಿಸಲಿಲ್ಲ. ನಿನಗಿಂತ ನಾನೇ ವಾಸಿ.

ಈ ಕಾಲದಲ್ಲಿ ಕಾಗದ ಯಾಕೆ ಅಂತ ಕೇಳಬಹುದು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ಬರೆಯೋಣವೆಂದರೆ ಅಲ್ಲಿಂದ ನನ್ನನ್ನು ತೆಗೆದುಹಾಕಿದ್ದೀಯ. ಅಂಚೆಯವನಿಗೆ ಮಾತ್ರ ಇನ್ನೂ ನಿನ್ನ ಅಪ್ಪಣೆ ಬೇಕಿಲ್ಲ, ಅದಕ್ಕೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ನಿನ್ನ ಸಹಿ ಹಾಕಿಸಿಕೊಂಡೇ ಕೊಡುತ್ತಾನೆ. ಸಹಿ ಅಂದರೆ ನಿನಗೆ ಇಷ್ಟ ಅಂತ ನನಗೆ ಗೊತ್ತು.

ಮೊದಲು ನಿನ್ನ ಅಕ್ಕನ ಮಗಳ ಸುದ್ದಿ. ಕವಿತಳ ಬಲಗಾಲಿನ ಮೂಳೆ ಮಂಡಿಯ ಕೆಳಗೆ ಎರಡು ಕಡೆ ಮುರಿದಿತ್ತಲ್ಲ, ಪ್ಲೇಟು ಹಾಕಿ ಸ್ಕ್ರೂ ಕೂರಿಸಿದ್ದಾರೆ. ಹೊಲಿಗೆ ಬಿಚ್ಚಿದ್ದಾಗಿದೆ. ಕಾರ್ತಿಕ ಮಾಸ ಮುಗಿಯುವವರೆಗೂ ನೆಲಕ್ಕೆ ಕಾಲು ಊರಬಾರದಂತೆ. ಆಮೇಲೂ ಮೊದಲಿನ ಹಾಗೆ ನಡೆಯುತ್ತಾಳೋ ಇಲ್ಲವೋ ಎಂದು ಕೇಳಿದ್ದಕ್ಕೆ ಡಾಕ್ಟರು ‘ನೋಡೋಣ’ ಅಂದರು. ಮಗು ಮೊನ್ನೆ ಗುರುವಾರ ಮೊದಲ ಸಲ ಬೋರಲು ಬಿತ್ತು. ಮನೆಯವರೆಲ್ಲ ಚಪ್ಪಾಳೆ ತಟ್ಟಿದೆವು. ಒಳಕೋಣೆಯಿಂದ ಕವಿತ, “ನಂಗೂ ಒಂದ್ಸಲ ತೋರ್ಸ್ರವ್ವ” ಎಂದು ಕೂಗಿಕೊಂಡಳು. ಎತ್ತಿಕೊಂಡು ಹೋಗಿ ಅವಳ ಪಕ್ಕದಲ್ಲಿ ಮಲಗಿಸಿದರೆ ಅದು ಮತ್ತೆ ಬೋರಲು ಬೀಳಲೇ ಇಲ್ಲ. ಅವಳು ಗೋಡೆಯ ಕಡೆ ಮುಖ ತಿರುಗಿಸಿ ಅತ್ತಳು. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಅಡುಗೆಮನೆ ಎಂದರೆ ನನ್ನದಲ್ಲ, ಬೀಗಿತ್ತಿ ರಾಮಮ್ಮನವರದು. ಬಾಣಂತನ ಮಾಡಿ ಮಡಿಲು ತುಂಬಿಸಿ ಕಳಿಸಬೇಕಾದ ತಾಯಿ ನಾನು. ಈಗ ಮಗಳ ಅತ್ತೆಮನೆಯಲ್ಲಿ ಅವರ ತಟ್ಟೆಯಲ್ಲಿ ಉಂಡುಕೊಂಡು, ಮಗಳಿಗೆ ಬೆಡ್‌ಪ್ಯಾನ್ ಇಟ್ಟುಕೊಂಡು ಬಿದ್ದಿದ್ದೇನೆ. ಆಸ್ಪತ್ರೆಯಿಂದ ಕೊಳ್ಳೇಗಾಲದ ನಮ್ಮ ಮನೆಗೇ ಕರೆದುಕೊಂಡು ಹೋಗೋಣವೆಂದರೆ ಅವಳು ಒಪ್ಪಲಿಲ್ಲ. ಕಿಟಕಿ ತೆಗೆದರೆ ಅವಳು ಬಿದ್ದ ಪಾರ್ಕು ಕಾಣುತ್ತದಲ್ಲ. ನಿಮ್ಮ ಭಾವ ಅಲ್ಲಿ ಒಬ್ಬರೇ ಬೇಯಿಸಿಕೊಂಡು ತಿನ್ನುತ್ತಿದ್ದಾರೆ. ನಾಲ್ಕು ಮನೆ ಆಚೆಗಿರುವ ನೀನು ಒಂದು ದಿನ ಊಟಕ್ಕೆ ಕರೆದಿಲ್ಲವಂತೆ. ಇರಲಿ.

ಇನ್ನು ವಿಷಯಕ್ಕೆ ಬರುತ್ತೇನೆ. ನಿನಗೆ ಗೊತ್ತಿರುವುದನ್ನೇ ಬಿಡಿಸಿ ಬರೆಯುತ್ತೇನೆ, ಏಕೆಂದರೆ ಇದು ನಿನಗೊಬ್ಬನಿಗೆ ಅಲ್ಲ. ಮುಂದಿನ ಭಾನುವಾರ ಸಂಘದ ಸಭೆಯಲ್ಲಿ ನೀನೇ ನಿಂತು ಇದನ್ನು ಓದಬೇಕು. ನೀನು ಓದದಿದ್ದರೆ ಅಳಿಯ ಮಹದೇವು ಓದುತ್ತಾನೆ. ಅವನ ಕೈಯಲ್ಲೂ ಒಂದು ಪ್ರತಿ ಇರುತ್ತದೆ.

ನಮ್ಮ ಕಡೆ ಬಾಣಂತಿ ಗಂಡನ ಮನೆಗೆ ಹೊರಡುವ ಮುಂಚೆ ಬಾವಿಗೆ ಹೋಗಿ ಗಂಗೆ ಪೂಜೆ ಮಾಡಬೇಕು. ಮಧುವನಹಳ್ಳಿ ರಸ್ತೆಯ ನಮ್ಮ ಸಿರಿಗಂಧ ಬಡಾವಣೆಯಲ್ಲಿ ಬಾವಿ ಎಲ್ಲಿಂದ ಬರಬೇಕು? ಪಾರ್ಕಿನ ಮೂಲೆಯಲ್ಲಿ ನೆಲದೊಳಗಿರುವ ಸಂಪೇ ನಮ್ಮ ಬಾವಿ. ನೂರ ಹತ್ತು ಮನೆಗೂ ಅಲ್ಲಿಂದಲೇ ನೀರು. ಮದುವೆ ಹೆಣ್ಣುಗಳು, ಬಾಣಂತಿಯರು ಎಲ್ಲರೂ ಅದರ ಮುಚ್ಚಳದ ಮೇಲೆ ನಿಂತು ಕಳಸವಿಟ್ಟು ಪೂಜೆ ಮಾಡಿದ್ದಾರೆ. ನಿನ್ನ ನಾದಿನಿಯ ಮದುವೆಯಲ್ಲಿ ಅಲ್ಲೇ ನಿಂತು ಫೋಟೋ ತೆಗೆಸಿದವನು ನೀನು.

ಹೋದ ವರ್ಷದ ಗಣೇಶ ಹಬ್ಬಕ್ಕೆ ಆರ್ಕೆಸ್ಟ್ರಾದವರ ಜನರೇಟರ್ ಗಾಡಿಯನ್ನು ಅದೇ ಮುಚ್ಚಳದ ಮೇಲೆ ನಿಲ್ಲಿಸಿದಿರಿ. ಬೆಳಗ್ಗೆ ನೋಡಿದರೆ ಈ ಮೂಲೆಯಿಂದ ಆ ಮೂಲೆಗೆ ಬಿರುಕು. ಅವತ್ತೇ ನಿನಗೆ ತೋರಿಸಿದೆ. “ಮಾಡ್ಸಾನ ಬುಡಕ್ಕ” ಎಂದೆ ನೀನು. ದೀಪಾವಳಿಗೆ ನಾನು ಮತ್ತೆ ಹೇಳಿದೆ. ಸಂಕ್ರಾಂತಿಯ ನಂತರ ಅರ್ಜಿ ಬರೆದು ಕಾರ್ಯದರ್ಶಿ ಶಿವನಂಜಯ್ಯನವರ ಕೈಗೆ ಕೊಟ್ಟೆ. ಗ್ರೂಪಿನಲ್ಲಿ ಫೋಟೋ ಹಾಕಿದರೆ ನೀನು ಕೈಮುಗಿದ ಚಿತ್ರ ಹಾಕಿದೆ, ಉಳಿದವರೆಲ್ಲ ನಿನ್ನನ್ನು ನೋಡಿಕೊಂಡು ತಾವೂ ಕೈಮುಗಿದರು. ಬಿರುಕಿಗೆ ಇಷ್ಟೊಂದು ಜನ ನಮಸ್ಕಾರ ಮಾಡಿದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಗಾರೆ ಮೇಸ್ತ್ರಿ ಪುಟ್ಟಮಲ್ಲಪ್ಪ ನೋಡಿ, ಒಡೆದು ಹೊಸ ಕಂಬಿ ಕಟ್ಟಿ ಹಾಕಬೇಕು, ಎರಡು ವಾರ ನೀರು ನಿಲ್ಲಿಸಬೇಕು ಎಂದಿದ್ದ. ಎರಡು ವಾರ ನೀರು ನಿಲ್ಲಿಸಿದರೆ ಜನ ಬಯ್ಯುತ್ತಾರೆ, ಜುಲೈಯಲ್ಲಿ ಸಂಘದ ಚುನಾವಣೆ. ಆದ್ದರಿಂದ ನೀನು ಮಾಡಿಸಿದ್ದು ಏನು? ಬಿರುಕು ಕಾಣದ ಹಾಗೆ ತಾವರೆಯ ಟೈಲ್ಸ್. ಸುತ್ತ ಅರಿಶಿನ ಕುಂಕುಮದ ಬಣ್ಣದ ಪಟ್ಟಿ. ಪಕ್ಕದಲ್ಲಿ ಕಪ್ಪು ಕಲ್ಲಿನ ಮೇಲೆ ‘ಗಂಗಾಸ್ಥಾನ’, ಕೆಳಗೆ ಅಧ್ಯಕ್ಷರಾದ ನಿನ್ನ ಹೆಸರು. ಹೆಂಗಸರೆಲ್ಲ ನಿನಗೆ ಆರತಿ ಎತ್ತಿದರು, ನೀನು ಗೆದ್ದೆ. ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಇಪ್ಪತ್ತೆಂಟು ವರ್ಷ ತೂಕದ ಮುಂದೆ ಕೂತವಳು ನಾನು. ಹೊಳೆಯುವ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡದೆ ಒಳ್ಳೆಯದು ಅನ್ನುವವಳಲ್ಲ. ಅದಕ್ಕೇ ಅವತ್ತೂ ನಿನ್ನನ್ನು ಕೇಳಿದೆ, ಕೆಳಗಡೆ ಕಂಬಿ ಬದಲಾಯಿಸಿದೆಯಾ ಎಂದು. ನೀನು ಎಲ್ಲರೆದುರಿಗೆ ನಕ್ಕು, “ಆನೆ ತಂದು ನಿಲ್ಸಕ್ಕ, ಅಲ್ಲಾಡಕಿಲ್ಲ” ಎಂದೆ.

ಆನೆ ಬೇಕಾಗಲಿಲ್ಲ. ಶ್ರಾವಣದ ಕೊನೆಯ ಶುಕ್ರವಾರ ಐವತ್ತೆರಡು ಕೆಜಿಯ ನನ್ನ ಮಗಳು ತುಂಬಿದ ಬಿಂದಿಗೆ ಹಿಡಿದು ನಿಂತಳು, ಅಷ್ಟೇ ಸಾಕಾಯಿತು. ತಾವರೆ ಬಾಯಿ ಬಿಟ್ಟಿತು. ಒಂದು ಕಾಲು ಕಂಬಿಗಳ ನಡುವೆ ಸಿಕ್ಕಿಕೊಂಡು, ಅವಳು ಸೊಂಟದವರೆಗೆ ಒಳಗೆ ಇಳಿದು ನೇತಾಡಿದಳು. ಮಗು ರಾಮಮ್ಮನವರ ತೋಳಲ್ಲಿತ್ತು. ಅವಳ ತೋಳಲ್ಲೇ ಇದ್ದಿದ್ದರೆ ಏನಾಗುತ್ತಿತ್ತು? ಅವಳನ್ನು ಹೊರಗೆಳೆಯಲು ಮುಕ್ಕಾಲು ಗಂಟೆ ಹಿಡಿಯಿತು. ನೀನು ಬಂದೆ, ನೋಡಿದೆ. ನಿನ್ನ ಬಾಯಿಂದ ಬಂದ ಮೊದಲ ಮಾತು ನೆನಪಿದೆಯಾ? “ಯಾರೂ ವಿಡಿಯೋ ಮಾಡ್ಬೇಡಿ ಕಣ್ರಪ್ಪ.”

ನಾಲ್ಕನೇ ದಿನ ಗೌರಿ ಹಬ್ಬ. ಮೂವತ್ತು ವರ್ಷದಿಂದ ಬಾಗಿನವನ್ನು ನೀನೇ ತಂದು ಕೊಡುತ್ತಿದ್ದೆ. ಈ ಸಲ ಆಸ್ಪತ್ರೆಯ ವಾರ್ಡಿಗೆ ಶಿವನಂಜಯ್ಯನವರು ಮೊರ ಹೊತ್ತುಕೊಂಡು ಬಂದರು. ನನಗೆ ಕಣ್ಣು ತುಂಬಿ ಬಂತು. ಏನೇ ಆದರೂ ತವರು ನನ್ನನ್ನು ಮರೆಯಲಿಲ್ಲ ಅಂದುಕೊಂಡೆ. ಮೇಲಿನ ಮೊರ ತೆಗೆದರೆ ಅರಿಶಿನ, ಕುಂಕುಮ, ಬಳೆ, ರವಿಕೆ ಕಣ, ಅಕ್ಕಿ, ಬೆಲ್ಲ. ಬೆಲ್ಲದ ಕೆಳಗೆ ಮಡಿಸಿದ ಒಂದು ಸ್ಟಾಂಪ್ ಪೇಪರ್.

“ಇಲ್ಲೊಂದ್ ಸೈನ್ ಹಾಕ್ಸ್ಬುಡಿ ಅಕ್ಕಾರೆ. ಮಗಳಿಂದ್ಲೇ. ಬರೀ ಫಾರ್ಮಾಲಿಟಿ, ಅಧ್ಯಕ್ಷರು ಯೋಳ್ ಕಳ್ಸವ್ರೆ” ಎಂದರು ಶಿವನಂಜಯ್ಯ.

ಓದಿದೆ. ಸಂಘದ ಅನುಮತಿ ಇಲ್ಲದೆ, ಎಚ್ಚರಿಕೆ ಇದ್ದರೂ ಲೆಕ್ಕಿಸದೆ, ಕವಿತ ಸ್ವಂತ ಇಚ್ಛೆಯಿಂದ ಸಂಪಿನ ಮೇಲೆ ಹತ್ತಿದಳಂತೆ. ನೀರು ಚೆಲ್ಲಿದ್ದರಿಂದ ಕಾಲು ಜಾರಿತಂತೆ. ಸಂಘದ ಕಡೆಯಿಂದ ಯಾವ ಲೋಪವೂ ಇಲ್ಲವಂತೆ. ಅವಳು ಇದಕ್ಕೆ ಸಹಿ ಹಾಕಿದರೆ ಸಂಘದ ಮುಂದಿನ ಸಭೆಯಲ್ಲಿ ಇದನ್ನೇ ನಿರ್ಣಯವಾಗಿ ಬರೆದು ಮುಗಿಸುತ್ತೀರಂತೆ.

ರಾಮಮ್ಮನವರು ಅಲ್ಲೇ ಕೂತಿದ್ದರು. ಓದು ಬಾರದಿದ್ದರೂ ನನ್ನ ಮುಖ ಓದಿದರು. “ಏನ್ ಬೀಗ್ರೆ, ನಿಮ್ಮ ತವರಲ್ಲಿ ಬಾಗಿನಕ್ಕೆ ಕಾಗ್ದನೂ ಮಡುಗ್ತರಾ?” ಎಂದರು. ನೆಲ ಬಾಯಿ ಬಿಟ್ಟಿದ್ದರೆ ನಾನೂ ಇಳಿದುಬಿಡುತ್ತಿದ್ದೆ. ಆದರೆ ಬಾಯಿ ಬಿಡುವ ನೆಲವೆಲ್ಲ ನಮ್ಮ ಬಡಾವಣೆಯಲ್ಲೇ ಇರುವುದು.

ಉದಯ, ಸಂಘದ ಬೈಲಾ ನನ್ನ ಹತ್ತಿರವೂ ಇದೆ. ಪಾರ್ಕು, ಸಂಪು, ಓವರ್‌ಹೆಡ್ ಟ್ಯಾಂಕು, ಬೀದಿ ಕಂಬ ಇವನ್ನೆಲ್ಲ ಅಪಾಯವಿಲ್ಲದ ಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಸಂಘದ ಹೊಣೆ ಎಂದು ಒಂಬತ್ತನೇ ಕಲಮಿನಲ್ಲಿದೆ. ಅದರ ಕೆಳಗಿರುವ ಸಹಿ ನಿನ್ನದೇ. ಅನುಮತಿ ಇರಲಿಲ್ಲ ಎನ್ನುವವನು ‘ಗಂಗಾಸ್ಥಾನ’ ಎಂದು ಕಲ್ಲು ನೆಡಿಸಿದ್ದು ಯಾಕೆ? ಎಚ್ಚರಿಕೆ ಕೊಟ್ಟಿದ್ದೆವು ಎನ್ನುತ್ತೀಯಲ್ಲ, ಎಚ್ಚರಿಕೆ ಕೊಟ್ಟವಳು ನಾನು ಕಣೋ, ನೀನಲ್ಲ. ಈಗ ಸುತ್ತ ಹಗ್ಗ ಕಟ್ಟಿ ‘ಅಪಾಯ’ ಎಂದು ಬೋರ್ಡು ಹಾಕಿದ್ದೀರಂತೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ! ಓವರ್‌ಹೆಡ್ ಟ್ಯಾಂಕಿನ ಏಣಿಯ ಮೇಲಿನ ಮೆಟ್ಟಿಲುಗಳು ತುಕ್ಕು ಹಿಡಿದು ಎರಡು ವರ್ಷವಾಯಿತು. ಅದಕ್ಕೂ ಬಣ್ಣ ಹೊಡೆಸಿದ್ದೀಯ. ಅಲ್ಲಿಂದ ಯಾರು ಬೀಳಬೇಕು ಅಂತ ಕಾಯುತ್ತಿದ್ದೀಯ?

ನಾನು ಹಣ ಕೇಳುತ್ತಿಲ್ಲ. ಆಸ್ಪತ್ರೆಯದನ್ನು ಅಳಿಯ ನೋಡಿಕೊಂಡಿದ್ದಾನೆ. ನನಗೆ ಬೇಕಾದದ್ದು ಒಂದೇ. ಭಾನುವಾರ ಎಲ್ಲರ ಮುಂದೆ ‘ಗೊತ್ತಿತ್ತು, ಮಾಡಿಸಲಿಲ್ಲ, ಮುಚ್ಚಿಟ್ಟೆವು’ ಎಂದು ನಿರ್ಣಯ ಪುಸ್ತಕದಲ್ಲಿ ಬರೆಯಬೇಕು. ನನ್ನ ಮಗಳು ತನ್ನ ತಪ್ಪಿನಿಂದ ಬಿದ್ದಳು ಎಂಬ ಮಾತು ಆ ಪುಸ್ತಕದಲ್ಲಿ ಉಳಿಯಬಾರದು. ಅವಳು ಜೀವನಪೂರ್ತಿ ಕುಂಟಬೇಕಾಗಿ ಬಂದರೆ ಕುಂಟುತ್ತಾಳೆ, ಆದರೆ ತಪ್ಪಿತಸ್ಥಳಾಗಿ ಕುಂಟುವುದಿಲ್ಲ.

ವಿಚಿತ್ರ ಕೇಳು. ಆ ಕಾಗದಕ್ಕೆ ಸಹಿ ಹಾಕುತ್ತೇನೆ ಎಂದು ಹಟ ಹಿಡಿದವಳು ಅವಳೇ. “ಓಗ್ಲಿ ಬುಡವ್ವ, ಮಾವನ್ ಮರ್ವಾದೆ ಯಾಕ್ ಕಳೀಬೇಕು? ನನ್ ಮದ್ವೇಲಿ ಕೈಹಿಡ್ದು ಹಸೆಮಣೆಗೆ ಕರ್ಕಂಡ್ ಓದೋರು ಅವ್ರೆ ಅಲ್ವಾ?” ಎಂದಳು. ಪೆನ್ನು ಕಿತ್ತುಕೊಂಡೆ. ಸೋದರಮಾವನ ಮರ್ಯಾದೆ ಅವಳ ಮುರಿದ ಕಾಲಿನ ಮೇಲೆ ನಿಲ್ಲುವುದು ಬೇಡ.

ಸಹಿಯಿಲ್ಲದ ನಿನ್ನ ಸ್ಟಾಂಪ್ ಪೇಪರ್ ಈ ಲಕೋಟೆಯಲ್ಲಿದೆ. ಬಾಗಿನವನ್ನು ಹಿಂದಕ್ಕೆ ಕಳಿಸಬಾರದು ಎನ್ನುತ್ತಾರೆ, ಕಳಿಸುವುದಿಲ್ಲ. ಅಕ್ಕಿ ಬೆಲ್ಲ ಪಾಯಸವಾಯಿತು, ಕವಿತ ತಿಂದಳು. ರವಿಕೆ ಕಣವನ್ನು ಹೊಲಿಸುವುದಿಲ್ಲ. ಮುಂದಿನ ವರ್ಷದಿಂದ ಬಾಗಿನ ಕಳಿಸಬೇಡ. ಇದನ್ನು ಕೋಪದಲ್ಲಿ ಬರೆದಿದ್ದೇನೆ, ಆದರೆ ಕೋಪ ಇಳಿದ ಮೇಲೂ ಇದೇ ಮಾತು.

ನಿನ್ನ ಮಕ್ಕಳನ್ನು ಆ ಪಾರ್ಕಿಗೆ ಬಿಡಬೇಡ, ಅವರಿಗೆ ಏನೂ ಆಗದಿರಲಿ. ನಿನ್ನ ಹೆಂಡತಿಗೆ ಒಳ್ಳೆಯದಾಗಲಿ. ನಿನಗೂ ಆಗಲಿ. ಎದೆಯ ಮೇಲೆ ಹಾಕಿಕೊಂಡು ಬೆಳೆಸಿದ ಕೈ ಶಾಪ ಬರೆಯಲು ಹೊರಟರೂ ಆಶೀರ್ವಾದವನ್ನೇ ಬರೆಯುತ್ತದೆ, ಏನು ಮಾಡಲಿ.

ಇಂತಿ,
ನಿನ್ನ ಅಕ್ಕ
ಪುಷ್ಪ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ಪೂಜೆಯ ಹಿಂದಿನ ದಿನ ಪುಟ್ಟಮಲ್ಲಪ್ಪ ನಮ್ಮ ಮನೆ ಗೇಟಿಗೆ ಬಂದಿದ್ದ. “ಟೈಲ್ಸ್ ಅಡೀಲಿ ಬರೀ ಸಿಮೆಂಟ್ ನೀರು ಬಳ್ದಿವ್ನಿ ಕಣವ್ವ. ಕಂಬಿ ಪುಡಿ ಆಗದೆ. ಮಗಳ್ನ ಅದ್ರ ಮೇಲ್ ನಿಲ್ಲುಸ್ಬೇಡಿ” ಎಂದು ಕೈಮುಗಿದು ಹೋದ. ಮಾರನೇ ದಿನ ಹನೂರಿನಿಂದ ಹನ್ನೊಂದು ಜನ ಬೀಗರು ಬಂದರು. ಬಿಸಿಲು ಹೆಚ್ಚಾಗಿದೆ, ಮನೆಯ ನಲ್ಲಿಯ ಹತ್ತಿರವೇ ಪೂಜೆ ಮಾಡಿಬಿಡೋಣ ಎಂದು ರಾಮಮ್ಮನವರೇ ಹೇಳಿದರು. ನಾನು ಬೇಡವೆಂದೆ. ನನ್ನ ತಮ್ಮ ಅಧ್ಯಕ್ಷ, ಅವನೇ ಕಟ್ಟಿಸಿದ ಜಾಗ ಎಂದು ಅವರ ಮುಂದೆ ಹತ್ತು ಸಲ ಹೇಳಿಕೊಂಡಿದ್ದೆ. ಈಗ ಅಲ್ಲಿಗೆ ಹೋಗದಿದ್ದರೆ ಯಾಕೆ ಎಂದು ಕೇಳುತ್ತಾರೆ, ನಿನ್ನ ಹೆಸರು ಹೋಗುತ್ತದೆ ಎಂದು ಹೆದರಿದೆ. ಐದು ನಿಮಿಷದ ಪೂಜೆ, ಏನೂ ಆಗುವುದಿಲ್ಲ ಎಂದುಕೊಂಡೆ. ಮುತ್ತೈದೆಯರನ್ನೆಲ್ಲ ಕೆಳಗೇ ನಿಲ್ಲಿಸಿ ಅವಳೊಬ್ಬಳನ್ನೇ ಹತ್ತಿಸಿದೆ. ಅವಳು ಒಂದು ಹೆಜ್ಜೆ ಇಟ್ಟು ಹಿಂದಕ್ಕೆ ತೆಗೆದು, “ಗಟ್ಟಿ ಅದಾ ಅವ್ವ?” ಎಂದು ಕೇಳಿದಳು. “ನಿಮ್ಮಾವ ಮಾಡ್ಸವ್ನೆ, ನಿಂತ್ಕೊ ಮಗ” ಎಂದೆ.

ಭಾನುವಾರ ಇದನ್ನೂ ಓದು. ಮಹದೇವುವಿನ ಪ್ರತಿಯಲ್ಲಿ ಇದನ್ನು ಬರೆದಿಲ್ಲ. ಅವಳಿಗೆ ಇದನ್ನು ನಾನೇ ಹೇಳುವ ಧೈರ್ಯ ಇಪ್ಪತ್ತೈದು ದಿನದಿಂದ ನನಗೆ ಬಂದಿಲ್ಲ. ಸಭೆಗೆ ಮಹದೇವು ಬರುತ್ತಾನೆ. ಅವನು ಮನೆಗೆ ಬಂದು ಅವಳಿಗೆ ಹೇಳಲಿ.